21 ಗೇರ್, ಎರಡು ಶಾಕ್, ದಪ್ಪ ಟೈರ್: ಇಷ್ಟಿದ್ದರೆ ಅದು ಮೌಂಟನ್ ಬೈಕ್ ಆಗುತ್ತದೆಯೇ?

"21 ಗೇರ್! ಮುಂದೆ, ಹಿಂದೆ ಎರಡೂ ಕಡೆ ಶಾಕ್ ಅಬ್ಸಾರ್ಬರ್! ಡಬಲ್ ಡಿಸ್ಕ್ ಬ್ರೇಕ್! ಯಾವ ಗುಡ್ಡವನ್ನಾದರೂ ಹತ್ತಿ! ಆಫರ್ ಇಂದೇ ಕೊನೆ!"

ಇಂತಹ ಒಂದು ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಜೊತೆಗೆ ಕೆಸರು ಚಿಮ್ಮಿಸುತ್ತಾ ಗಾಳಿಯಲ್ಲಿ ಹಾರುವ ಸೈಕಲ್‌ನ ಚಿತ್ರ. ಬೆಲೆ ಹತ್ತು, ಹನ್ನೆರಡು ಸಾವಿರ ರೂಪಾಯಿ. ಮಗ ಕೇಳುತ್ತಿದ್ದಾನೆ, ನಿಮಗೂ ಹೊಟ್ಟೆ ಕರಗಿಸಬೇಕು ಎನ್ನಿಸಿದೆ. ಕೊಂಡುಬಿಡೋಣವೇ?

ಮನೆಯಿಂದ ಶಾಲೆಗೆ, ಅಂಗಡಿಗೆ, ಊರೊಳಗಿನ ರಸ್ತೆಗೆ ಅಂತಹ ಸೈಕಲ್ ನಡೆದೀತು. ಆದರೆ ಪಟ್ಟಿಯ ಮೇಲೆ ಬರೆದ 'ಎಂಟಿಬಿ' ಎಂಬ ಮೂರಕ್ಷರ ನಂಬಿ ಅದನ್ನು ಕಲ್ಲು, ಕೊರಕಲುಗಳ ಇಳಿಜಾರಿಗೆ ಒಯ್ದರೆ ಕಥೆ ಬೇರೆ. ಅಲ್ಲಿ ಬ್ರೇಕ್ ಹಿಡಿಯದಿದ್ದರೆ ಅಥವಾ ಮುಂದಿನ ಫೋರ್ಕ್ ಬಾಗಿದರೆ ಮೊದಲು ನೆಲಕ್ಕೆ ಬಡಿಯುವುದು ಸವಾರನ ಮುಖ, ಕೈ, ಭುಜ. ಆದ್ದರಿಂದ ಮೊದಲ ಮೌಂಟನ್ ಬೈಕ್ ಕೊಳ್ಳುವವರು ಹೆಚ್ಚು ನಂಬುವ ಆರು ಮಾತುಗಳನ್ನು ಒಂದೊಂದಾಗಿ ನೋಡೋಣ.

ಮೊದಲು ಸ್ವಲ್ಪ ಹಿನ್ನೆಲೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರೀನ್ ಕೌಂಟಿ ಎಂಬ ಗುಡ್ಡಗಾಡು ಪ್ರದೇಶವಿದೆ. 1970ರ ದಶಕದಲ್ಲಿ ಅಲ್ಲಿನ ಯುವಕರು ದಪ್ಪ ಟೈರಿನ ಹಳೆಯ ಸೈಕಲ್‌ಗಳನ್ನು ಗುಡ್ಡದ ಮೇಲಕ್ಕೆ ಒಯ್ದು ಮಣ್ಣಿನ ದಾರಿಯಲ್ಲಿ ಇಳಿಯುವ ಆಟ ಶುರುಮಾಡಿದರು. 1976ರಲ್ಲಿ ಅದು ಸ್ಪರ್ಧೆಯೇ ಆಯಿತು. ಆ ಸೈಕಲ್‌ಗಳಲ್ಲಿದ್ದದ್ದು ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಒಮ್ಮೆ ಗುಡ್ಡ ಇಳಿಯುವಷ್ಟರಲ್ಲಿ ಬ್ರೇಕ್ ಕಾದು, ಹಬ್ಬಿನೊಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಓಡಿಸಲು ಹೊಸದಾಗಿ ಗ್ರೀಸ್ ತುಂಬಲೇಬೇಕು. ಹಾಗೆ ಮರಳಿ ತುಂಬುವ ಕೆಲಸದಿಂದಲೇ ಆ ಸ್ಪರ್ಧೆಗೆ 'ರೀಪ್ಯಾಕ್' ಎಂಬ ಹೆಸರು ಬಂತು.

ಜೋ ಬ್ರೀಜ್ ಈ ಓಟಕ್ಕೆಂದೇ ಗಟ್ಟಿಯಾದ ಫ್ರೇಮ್ ಕಟ್ಟಿದರು. ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ 1979ರಲ್ಲಿ 'ಮೌಂಟನ್‌ಬೈಕ್ಸ್' ಎಂಬ ಹೆಸರಿನಲ್ಲಿ ಇಂತಹ ಸೈಕಲ್ ಮಾರತೊಡಗಿದರು. 1981ರಲ್ಲಿ 'ಸ್ಟಂಪ್‌ಜಂಪರ್' ಎಂಬ ಮಾದರಿ ದೊಡ್ಡ ಸಂಖ್ಯೆಯಲ್ಲಿ ತಯಾರಾಯಿತು. 1996ರ ಹೊತ್ತಿಗೆ ಈ ಆಟ ಒಲಿಂಪಿಕ್ಸ್ ಮುಟ್ಟಿತ್ತು. ನಮ್ಮಲ್ಲೂ 2021ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಸ್ಪರ್ಧೆ ನಡೆದದ್ದು ಗದಗದಲ್ಲಿ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆ ಮೊದಲ ಸೈಕಲ್‌ಗಳಲ್ಲಿ ಶಾಕ್ ಅಬ್ಸಾರ್ಬರ್ ಇರಲೇ ಇಲ್ಲ. ಗುಡ್ಡ ಇಳಿಯುತ್ತಿದ್ದವರು ಮೊದಲು ಸರಿಪಡಿಸಿಕೊಂಡದ್ದು ಬ್ರೇಕು, ಗಟ್ಟಿ ಫ್ರೇಮು, ಹತ್ತಲು ಬೇಕಾದ ಗೇರು. ಇಂದಿನ ಜಾಹೀರಾತು ಶಾಕ್‌ನಿಂದ ಶುರುವಾಗುತ್ತದೆ, ಬ್ರೇಕಿನ ಗುಣದ ಬಗ್ಗೆ ಬಾಯಿಬಿಡುವುದಿಲ್ಲ.

ನಂಬಿಕೆ 1: ಗೇರ್ ಹೆಚ್ಚಿದ್ದಷ್ಟೂ ಒಳ್ಳೆಯದು

21 ಗೇರ್ ಎಂದರೆ ಮುಂದೆ ಮೂರು ಹಲ್ಲುಚಕ್ರ, ಹಿಂದೆ ಏಳು. ಮೂರು ಗುಣಿಸು ಏಳು, ಇಪ್ಪತ್ತೊಂದು. ಆದರೆ ಇವು ಇಪ್ಪತ್ತೊಂದು ಬೇರೆಬೇರೆ ಗೇರ್‌ಗಳೇ?

ಲೆಕ್ಕ ಸುಲಭ. ಮುಂದಿನ ಚಕ್ರದ ಹಲ್ಲುಗಳನ್ನು ಹಿಂದಿನ ಚಕ್ರದ ಹಲ್ಲುಗಳಿಂದ ಭಾಗಿಸಿ. ಪೆಡಲ್ ಒಂದು ಸುತ್ತು ತಿರುಗಿದಾಗ ಹಿಂದಿನ ಗಾಲಿ ಎಷ್ಟು ಸುತ್ತು ತಿರುಗುತ್ತದೆ ಎಂಬುದು ಸಿಗುತ್ತದೆ. ಮುಂದೆ 42, 34, 24 ಹಲ್ಲುಗಳು, ಹಿಂದೆ 14ರಿಂದ 28 ಹಲ್ಲುಗಳು ಇರುವ ಒಂದು ಸೈಕಲ್ ತೆಗೆದುಕೊಳ್ಳೋಣ. 42ನ್ನು 28ರಿಂದ ಭಾಗಿಸಿದರೆ 1.5. 24ನ್ನು 16ರಿಂದ ಭಾಗಿಸಿದರೂ 1.5. ಎರಡು ಗೇರ್, ಕೆಲಸ ಒಂದೇ! ಹೀಗೆ ಹತ್ತಿರಹತ್ತಿರ ಒಂದೇ ಆಗಿರುವ ಜೋಡಿಗಳು ಇನ್ನೂ ಇವೆ. ಚೈನು ತುಂಬಾ ಓರೆಯಾಗುವುದರಿಂದ ಬಳಸಬಾರದ ಜೋಡಿಗಳನ್ನೂ ಕಳೆದರೆ ನಿಜಕ್ಕೂ ಉಪಯೋಗಕ್ಕೆ ಬರುವವು 21ಕ್ಕಿಂತ ಬಹಳ ಕಡಿಮೆ.

ಈಗ ಮುಂದೆ 32 ಹಲ್ಲಿನ ಒಂದೇ ಚಕ್ರ, ಹಿಂದೆ 11ರಿಂದ 42 ಹಲ್ಲಿನ ಒಂಬತ್ತು ಚಕ್ರಗಳಿರುವ ಸೈಕಲ್ ನೋಡಿ. ಒಟ್ಟು ಒಂಬತ್ತೇ ಗೇರ್. 21 ಗೇರಿನದರಲ್ಲಿ ಅತಿ ಹಗುರದ ಗೇರ್ ಸುಮಾರು 0.86, ಅತಿ ಭಾರದ್ದು 3. ಒಂಬತ್ತು ಗೇರಿನದರಲ್ಲಿ ಹಗುರದ್ದು ಸುಮಾರು 0.76, ಭಾರದ್ದು 2.9. ಅಂದರೆ ಒಂಬತ್ತು ಗೇರಿನ ಸೈಕಲ್ಲೇ ಏರು ಹತ್ತಲು ಹಗುರ, ಇಳಿಯುವಾಗಿನ ವೇಗವೂ ಹೆಚ್ಚುಕಡಿಮೆ ಅಷ್ಟೇ. ಇವತ್ತಿನ ಒಳ್ಳೆಯ ಮೌಂಟನ್ ಬೈಕ್‌ಗಳಲ್ಲಿ ಮುಂದೆ ಒಂದೇ ಹಲ್ಲುಚಕ್ರ ಇರುವುದು ಇದಕ್ಕೇ. ಮುಂದಿನ ಗೇರ್ ಬದಲಿಸುವ ಗೋಜಿಲ್ಲ, ಚೈನು ಕಳಚುವುದೂ ಕಡಿಮೆ.

ಅಂಗಡಿಯಲ್ಲಿ "ಎಷ್ಟು ಗೇರ್?" ಎಂದು ಕೇಳಬೇಡಿ. "ಹಿಂದಿನ ದೊಡ್ಡ ಹಲ್ಲುಚಕ್ರದಲ್ಲಿ ಎಷ್ಟು ಹಲ್ಲು?" ಎಂದು ಕೇಳಿ. ಮುಂದೆ ಒಂದೇ ಚಕ್ರ ಇದ್ದರೆ ಹಿಂದಿನದು 40ಕ್ಕೂ ಮೇಲಿದ್ದರೆ ಏರುದಾರಿ ಸಲೀಸು.

ನಂಬಿಕೆ 2: ಎರಡು ಕಡೆ ಶಾಕ್ ಇದ್ದರೆ ಬೆನ್ನಿಗೆ ಆರಾಮ

ಶಾಕ್ ಅಬ್ಸಾರ್ಬರ್‌ಗೆ ಎರಡು ಕೆಲಸ. ಗುಂಡಿಗೆ ಬಿದ್ದಾಗ ಕುಗ್ಗಿ ಪೆಟ್ಟನ್ನು ನುಂಗಬೇಕು, ಇದು ಸ್ಪ್ರಿಂಗ್ ಕೆಲಸ. ಕುಗ್ಗಿದ್ದು ನಿಧಾನವಾಗಿ ಮೇಲೆ ಬರಬೇಕು, ಇದು ಡ್ಯಾಂಪರ್ ಕೆಲಸ. ಡ್ಯಾಂಪರ್‌ನೊಳಗೆ ಎಣ್ಣೆಯೊಂದು ಸಣ್ಣ ರಂಧ್ರದ ಮೂಲಕ ಹಾದುಹೋಗುತ್ತಾ ಸ್ಪ್ರಿಂಗ್‌ನ ಜಿಗಿತವನ್ನು ತಡೆಯುತ್ತದೆ. ಬಾಗಿಲು ದಡ್ ಎಂದು ಬಡಿಯದಂತೆ ಮೆಲ್ಲಗೆ ಮುಚ್ಚಿಸುವ ಡೋರ್ ಕ್ಲೋಸರ್ ಕೂಡ ಇದೇ ರೀತಿ ಕೆಲಸ ಮಾಡುವುದು.

ಅಗ್ಗದ ಸೈಕಲ್‌ಗಳ ಶಾಕ್‌ನಲ್ಲಿ ಹೆಚ್ಚಾಗಿ ಸ್ಪ್ರಿಂಗ್ ಮಾತ್ರ ಇರುತ್ತದೆ. ಕಲ್ಲು ಹತ್ತಿದಾಗ ಕುಗ್ಗಿದ ಸ್ಪ್ರಿಂಗ್ ಅಷ್ಟೇ ಬಲವಾಗಿ ಹಿಂದಕ್ಕೆ ಒದೆಯುತ್ತದೆ. ಮುಂದಿನ ಗಾಲಿ ನೆಲ ಬಿಟ್ಟು ಎಗರುತ್ತದೆ. ನೆಲ ಮುಟ್ಟದ ಗಾಲಿಗೆ ತಿರುವು ತೆಗೆದುಕೊಳ್ಳಲೂ ಆಗದು, ಬ್ರೇಕ್ ಹಿಡಿಯಲೂ ಆಗದು.

ಹಿಂದಿನ ಶಾಕ್‌ನದು ಇನ್ನೊಂದು ತಾಪತ್ರಯ. ಸರಿಯಾದ ವಿನ್ಯಾಸ ಇಲ್ಲದಿದ್ದರೆ ಪ್ರತಿ ಸಲ ಪೆಡಲ್ ತುಳಿದಾಗಲೂ ಸೀಟು ಕೆಳಗೆ ಕುಸಿಯುತ್ತದೆ. ನಿಮ್ಮ ಕಾಲಿನ ಶಕ್ತಿಯ ಒಂದು ಪಾಲು ಮುಂದೆ ಹೋಗುವ ಬದಲು ಸ್ಪ್ರಿಂಗ್ ಅಮುಕಲು ಖರ್ಚಾಗುತ್ತದೆ. ಮೇಲಾಗಿ ತೂಕ. ಇಂತಹ ಸೈಕಲ್‌ಗಳು ಅನೇಕ ವೇಳೆ 17, 18 ಕೆಜಿ ಮೀರುತ್ತವೆ. ಕೀಲುಗಳಲ್ಲಿ ಕೆಲವೇ ತಿಂಗಳಿಗೆ ಸಡಿಲ ಬಂದು ಕಿರಕಿರ ಶುರು.

ಎರಡೂ ಕಡೆ ಒಳ್ಳೆಯ ಶಾಕ್ ಇರುವ ಸೈಕಲ್‌ಗಳು ಇಲ್ಲವೆಂದಲ್ಲ. ಅವುಗಳ ಬೆಲೆ ಒಂದು ಮೋಟಾರ್‌ಬೈಕ್‌ನ ಬೆಲೆಯನ್ನು ಮುಟ್ಟುತ್ತದೆ, ದಾಟುತ್ತದೆ. ಹೊಸಬರಿಗೆ ಮುಂದೆ ಮಾತ್ರ ಶಾಕ್ ಇರುವ 'ಹಾರ್ಡ್‌ಟೇಲ್' ಸಾಕು. ಅದೇ ಹಣ ಒಂದು ಒಳ್ಳೆಯ ಫೋರ್ಕ್‌ಗೆ, ಬ್ರೇಕ್‌ಗೆ ಹೋಗುತ್ತದೆ. ತೀರಾ ಕಡಿಮೆ ಬಜೆಟ್ ಇದ್ದರೆ ಶಾಕ್ ಇಲ್ಲದ ಗಟ್ಟಿ ಫೋರ್ಕ್ ಮತ್ತು ಅಗಲ ಟೈರಿನ ಸೈಕಲ್ ಕೆಟ್ಟ ಶಾಕ್‌ನ ಸೈಕಲ್‌ಗಿಂತ ಮೇಲು.

ನಂಬಿಕೆ 3: ಡಿಸ್ಕ್ ಬ್ರೇಕ್ ಇದೆ, ಇನ್ನೇನು ಭಯ?

ಡಿಸ್ಕ್ ಬ್ರೇಕ್‌ನಲ್ಲಿ ಎರಡು ಬಗೆ. ಒಂದು ಕೇಬಲ್ ಎಳೆದು ಹಿಡಿಯುವುದು, ಇನ್ನೊಂದು ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್. ಅಗ್ಗದ ಕೇಬಲ್ ಡಿಸ್ಕ್‌ಗಿಂತ ರಿಮ್ಮನ್ನು ಎರಡೂ ಕಡೆಯಿಂದ ಹಿಡಿಯುವ ಒಳ್ಳೆಯ ವಿ-ಬ್ರೇಕ್ ಎಷ್ಟೋ ಸಲ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಕೆಸರು, ಮಳೆ, ಉದ್ದನೆಯ ಇಳಿಜಾರು ಇದ್ದಲ್ಲಿ ಹೈಡ್ರಾಲಿಕ್ ಡಿಸ್ಕ್ ಗೆಲ್ಲುತ್ತದೆ. ಒಂದೇ ಬೆರಳಿನಲ್ಲಿ ಹಿಡಿಯಬಹುದು, ಕೈ ಸೋಲುವುದಿಲ್ಲ. ಹಣ ಎಲ್ಲಿ ಹಾಕಬೇಕೆಂದು ಒಂದೇ ಉತ್ತರ ಕೇಳಿದರೆ, ಇಲ್ಲಿ ಹಾಕಿ.

ಬ್ರೇಕ್ ಯಾಕಷ್ಟು ಮುಖ್ಯ? ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾದ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆ. ಸಮತಟ್ಟಿನಲ್ಲಿ ಗಂಟೆಗೆ 15 ಕಿ.ಮೀ. ಹೋಗುವವರು ಇಳಿಜಾರಿನಲ್ಲಿ 30 ಮುಟ್ಟುವುದಕ್ಕೆ ಕೆಲವೇ ಸೆಕೆಂಡು ಸಾಕು. ಪೆಡಲ್ ತುಳಿಯುವುದೂ ಬೇಡ.

ಇದರ ಜೊತೆಗೇ ಹಬ್ಬಿರುವ ಇನ್ನೊಂದು ಮಾತು: "ಮುಂದಿನ ಬ್ರೇಕ್ ಮುಟ್ಟಲೇಬೇಡ, ಪಲ್ಟಿ ಹೊಡೀತೀಯ." ಇದು ಅರ್ಧ ಸತ್ಯ. ಬ್ರೇಕ್ ಹಿಡಿದಾಗ ತೂಕ ಮುಂದಿನ ಗಾಲಿಯ ಮೇಲೆ ಬೀಳುತ್ತದೆ, ಹಿಂದಿನ ಗಾಲಿ ಹಗುರವಾಗುತ್ತದೆ. ಆದ್ದರಿಂದ ಹಿಂದಿನ ಬ್ರೇಕ್ ಒಂದನ್ನೇ ನಂಬಿದರೆ ಗಾಲಿ ಜಾರುತ್ತದೆ, ಸೈಕಲ್ ನಿಲ್ಲುವುದಿಲ್ಲ. ಹೆಚ್ಚು ಕೆಲಸ ಮಾಡುವುದು ಮುಂದಿನ ಬ್ರೇಕೇ. ಅದನ್ನು ಫಕ್ಕನೆ ಒತ್ತಬಾರದು, ಮೆಲ್ಲಗೆ ಒತ್ತುತ್ತಾ ಹೋಗಬೇಕು. ಸೊಂಟವನ್ನು ಹಿಂದಕ್ಕೆ ತಂದು, ಎರಡೂ ಬ್ರೇಕ್ ಬಳಸಬೇಕು. ಯಾವ ಕೈಯ ಲಿವರ್ ಮುಂದಿನದು ಎಂಬುದನ್ನು ಅಂಗಡಿಯಲ್ಲೇ ನೋಡಿಕೊಳ್ಳಿ. ಎಲ್ಲ ಸೈಕಲ್‌ಗಳಲ್ಲೂ ಇದು ಒಂದೇ ರೀತಿ ಇರುವುದಿಲ್ಲ.

ನಂಬಿಕೆ 4: ಟೈರ್ ದಪ್ಪ ಇರಬೇಕು, ಗಾಳಿ ಗಟ್ಟಿ ಇರಬೇಕು

ನಾಲ್ಕು ಇಂಚು ಅಗಲದ ಟೈರಿನ 'ಫ್ಯಾಟ್ ಬೈಕ್' ಹುಟ್ಟಿದ್ದು ಹಿಮ ಮತ್ತು ಸಡಿಲ ಮರಳಿನ ಮೇಲೆ ಹೂತುಹೋಗದಿರಲಿ ಎಂದು. ನಮ್ಮ ಊರುಗಳ ಕೆಂಪುಮಣ್ಣಿನ ದಾರಿಗೆ, ಕಾಫಿ ತೋಟದ ರಸ್ತೆಗೆ, ಬಯಲುಸೀಮೆಯ ಜಲ್ಲಿ ದಾರಿಗೆ ಅಷ್ಟು ದಪ್ಪ ಬೇಕಿಲ್ಲ. 2.1ರಿಂದ 2.4 ಇಂಚು ಸಾಕು. ಉಳಿದದ್ದು ನೀವು ಹೊತ್ತು ತಿರುಗುವ ಭಾರ.

ಗಾಳಿಯ ವಿಷಯದಲ್ಲೂ ತಪ್ಪು ತಿಳಿವಳಿಕೆ ಇದೆ. ಡಾಂಬರು ರಸ್ತೆಯಲ್ಲಿ ಗಟ್ಟಿ ಗಾಳಿ ಸರಿ. ಕಲ್ಲು ದಾರಿಯಲ್ಲಿ ಕಲ್ಲಿನಂತಾದ ಟೈರ್ ಪ್ರತಿ ಉಬ್ಬಿಗೂ ಸೈಕಲನ್ನೂ ನಿಮ್ಮನ್ನೂ ಮೇಲೆತ್ತುತ್ತದೆ. ಮುಂದೆ ಹೋಗಬೇಕಾದ ಶಕ್ತಿ ಕುಣಿತದಲ್ಲಿ ಕಳೆದುಹೋಗುತ್ತದೆ. ಸ್ವಲ್ಪ ಮೆತ್ತಗಿದ್ದರೆ ಟೈರ್ ಕಲ್ಲಿನ ಆಕಾರಕ್ಕೆ ಬಗ್ಗಿ ನೆಲ ಹಿಡಿಯುತ್ತದೆ. 60ರಿಂದ 75 ಕೆಜಿ ತೂಕದವರು ಮಣ್ಣಿನ ದಾರಿಯಲ್ಲಿ 30 ಪಿಎಸ್‌ಐ ಆಸುಪಾಸಿನಿಂದ ಶುರುಮಾಡಿ ನೋಡಬಹುದು. ತೂಕ ಹೆಚ್ಚಿದ್ದರೆ ಇನ್ನೂ ಸ್ವಲ್ಪ ಸೇರಿಸಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಮಿತಿಯನ್ನು ಮೀರಬೇಡಿ. ತೀರಾ ಇಳಿಸಿದರೆ ಕಲ್ಲು ಮತ್ತು ರಿಮ್ ನಡುವೆ ಟ್ಯೂಬ್ ಸಿಕ್ಕಿ, ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ.

ನಂಬಿಕೆ 5: ದೊಡ್ಡ ಸೈಜ್ ತಗೊಳ್ಳಿ, ಮಗು ಬೆಳೆಯುತ್ತೆ

ಬಟ್ಟೆಗೆ ಈ ಲೆಕ್ಕ ಸರಿಹೋಗಬಹುದು, ಸೈಕಲ್‌ಗೆ ಸರಿಹೋಗದು. ಕಾಲು ನೆಲಕ್ಕೆ ಎಟುಕದ, ಬ್ರೇಕ್ ಲಿವರ್‌ಗೆ ಬೆರಳು ಎಟುಕದ ಸೈಕಲ್ ಮೇಲೆ ಮಗುವನ್ನು ಕೂರಿಸಿ ಇಳಿಜಾರಿಗೆ ಕಳಿಸುವುದು ಅಪಾಯ.

ಇಲ್ಲಿ ಎರಡು ಅಳತೆಗಳ ಗೊಂದಲವಿದೆ. 26, 27.5, 29 ಇಂಚು ಎಂಬುದು ಗಾಲಿಯ ಅಳತೆ. ನಿಮಗೆ ಹೊಂದಬೇಕಾದದ್ದು ಫ್ರೇಮಿನ ಅಳತೆ. ಅದನ್ನು ಎಸ್, ಎಂ, ಎಲ್ ಎಂದೋ 15, 17, 19 ಇಂಚು ಎಂದೋ ಬರೆದಿರುತ್ತಾರೆ. ಗಾಲಿ ಒಂದೇ ಇದ್ದರೂ ಫ್ರೇಮ್ ಬೇರೆ ಇರಬಹುದು.

ಮನೆಯವರೆಲ್ಲ ಮಾಡಬಹುದಾದ ಎರಡು ಪರೀಕ್ಷೆ:

• ಸೈಕಲನ್ನು ಎರಡು ಕಾಲ ನಡುವೆ ಇಟ್ಟು, ಸೀಟಿನ ಮುಂದೆ ನಿಲ್ಲಿ. ಫ್ರೇಮಿನ ಮೇಲಿನ ಪೈಪಿಗೂ ನಿಮಗೂ ನಡುವೆ ಕನಿಷ್ಠ 5 ಸೆಂ.ಮೀ. ಜಾಗ ಇರಬೇಕು.

• ಸೀಟಿನ ಮೇಲೆ ಕೂತು, ಪೆಡಲ್ ತೀರಾ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದಾಗ ಮಂಡಿ ತಾನಾಗಿ ಬೇಕಾದಷ್ಟು ಬಗ್ಗಿರುತ್ತದೆ. ಕಡಿದಾದ ಇಳಿಜಾರಿಗೆ ಹೋಗುವ ಮುನ್ನ ಮಾತ್ರ ಸೀಟನ್ನು ತಗ್ಗಿಸಿಕೊಳ್ಳಿ.

"ಸೈಕಲ್ ತುಳಿದರೆ ಮಂಡಿ ಸವೆಯುತ್ತೆ" ಎಂದು ದೂರುವವರ ಸೀಟು ನೋಡಿ. ಅನೇಕರ ಸೀಟು ತೀರಾ ತಗ್ಗಿನಲ್ಲಿರುತ್ತದೆ. ಮಂಡಿ ವಿಪರೀತ ಬಗ್ಗಿದ ಸ್ಥಿತಿಯಲ್ಲೇ ಭಾರದ ಗೇರ್ ತುಳಿದರೆ ಮಂಡಿಯ ಮುಂಭಾಗದಲ್ಲಿ ನೋವು ಬರುತ್ತದೆ. ಸೀಟು ಏರಿಸಿ, ಹಗುರದ ಗೇರ್‌ನಲ್ಲಿ ಬೇಗಬೇಗ ತುಳಿಯಿರಿ. ನಿಮಿಷಕ್ಕೆ 70ರಿಂದ 90 ಸುತ್ತು ಒಳ್ಳೆಯ ಲಯ. ಆದರೂ ನೋವು ಹೋಗದಿದ್ದರೆ, ಮಂಡಿ ಊದಿದರೆ ವೈದ್ಯರನ್ನು ಕಾಣಿ.

ನಂಬಿಕೆ 6: ಮೆತ್ತನೆಯ ದೊಡ್ಡ ಸೀಟೇ ಆರಾಮ

ಅಂಗಡಿಯಲ್ಲಿ ಎರಡು ನಿಮಿಷ ಕೂತಾಗ ಹಾಗನ್ನಿಸುತ್ತದೆ. ನಾವು ಕೂರುವಾಗ ಭಾರ ಹೊರಬೇಕಾದವು ಸೊಂಟದ ಕೆಳಭಾಗದ ಎರಡು ಮೂಳೆಗಳು. ಸೀಟು ತೀರಾ ಮೆತ್ತಗಿದ್ದರೆ ಮೂಳೆಗಳು ಅದರೊಳಗೆ ಹೂತು, ಅವುಗಳ ನಡುವಿನ ಮೆತ್ತನೆ ಭಾಗದ ನರ, ರಕ್ತನಾಳಗಳ ಮೇಲೆ ಒತ್ತಡ ಬೀಳುತ್ತದೆ. ಜೋಮು ಹಿಡಿಯುವುದು ಇದರಿಂದಲೇ. ನಿಮ್ಮ ಮೂಳೆಗಳ ಅಗಲಕ್ಕೆ ಹೊಂದುವ, ಸಾಧಾರಣ ಗಟ್ಟಿಯಾದ ಸೀಟು ಉದ್ದ ಸವಾರಿಗೆ ಒಳ್ಳೆಯದು. ಮೊದಲ ವಾರದ ಸಣ್ಣ ನೋವು ಸಹಜ. ಜೋಮು ಸಹಜವಲ್ಲ. ಸೀಟಿನ ಮೂತಿ ಮೇಲೆದ್ದಿದೆಯೇ ನೋಡಿ, ಸಮವಾಗಿಸಿ.

ಹಾಗಾದರೆ ನಿಜವಾದ ಮೌಂಟನ್ ಬೈಕ್ ಗುರುತಿಸುವುದು ಹೇಗೆ?

ಹಲವು ಕಂಪನಿಗಳು ಸೈಕಲನ್ನು ಎಲ್ಲಿ ಓಡಿಸಬಹುದು ಎಂಬುದನ್ನು 1ರಿಂದ 5ರವರೆಗಿನ ಅಂಕಿಯಲ್ಲಿ ಹೇಳುತ್ತವೆ. ಅದು ಕೈಪಿಡಿಯಲ್ಲಿ ಇಲ್ಲವೇ ಫ್ರೇಮಿನ ಸ್ಟಿಕ್ಕರ್ ಮೇಲೆ ಇರುತ್ತದೆ. 1 ಎಂದರೆ ಡಾಂಬರು ರಸ್ತೆ ಮಾತ್ರ. 2 ಎಂದರೆ ಜಲ್ಲಿ, ಮಣ್ಣಿನ ದಾರಿ, 15 ಸೆಂ.ಮೀ. ಒಳಗಿನ ಇಳಿತ. 3 ಎಂದರೆ ಒರಟು ಗುಡ್ಡದಾರಿ, ಸುಮಾರು 60 ಸೆಂ.ಮೀ.ವರೆಗಿನ ನೆಗೆತ. 4 ಮತ್ತು 5 ಪಳಗಿದವರ ಸಾಹಸಕ್ಕೆ. ಮೌಂಟನ್ ಬೈಕ್‌ನಂತೆ ಕಾಣುವ ಸೈಕಲ್‌ನ ಕೈಪಿಡಿಯಲ್ಲೇ 'ಒರಟು ದಾರಿಗೆ ಅಲ್ಲ' ಎಂದು ಸಣ್ಣಕ್ಷರದಲ್ಲಿ ಬರೆದಿರುವುದುಂಟು. ಮೊದಲು ಅದನ್ನು ಓದಿ. ಗುಡ್ಡಕ್ಕೆ ಹೋಗುವ ಯೋಚನೆ ಇದ್ದರೆ 3 ಬೇಕು. ಕಚ್ಚಾ ರಸ್ತೆ ಸಾಕು ಎನ್ನುವವರಿಗೆ 2 ಧಾರಾಳ, ಹಣವೂ ಉಳಿಯುತ್ತದೆ.

ಆಮೇಲೆ ಅಂಗಡಿಯಲ್ಲಿ ಹತ್ತು ನಿಮಿಷ ಈ ಪರೀಕ್ಷೆ ಮಾಡಿ. ಹಳೆಯ ಸೈಕಲ್ ಕೊಳ್ಳುವವರಿಗೂ ಇದೇ ಪಟ್ಟಿ.

• ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದು ಸೈಕಲನ್ನು ಮುಂದಕ್ಕೆ ತಳ್ಳಿ. ಹಿಂದಿನ ಗಾಲಿ ಮೇಲೇಳಬೇಕು. ಲಿವರ್ ಹ್ಯಾಂಡಲ್‌ಗೆ ತಾಗಬಾರದು.

• ಬ್ರೇಕ್ ಹಿಡಿದೇ ಹ್ಯಾಂಡಲ್ ಮೇಲೆ ಭಾರ ಹಾಕಿ ಬಿಡಿ. ಫೋರ್ಕ್ ಚೆಂಡಿನಂತೆ ಪುಟಿದರೆ ಡ್ಯಾಂಪರ್ ಇಲ್ಲ ಎಂದರ್ಥ.

• ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲ್ಲಾಡಿಸಿ. ಟಕ್ ಟಕ್ ಸದ್ದು ಬಂದರೆ ಎಲ್ಲೋ ಸಡಿಲವಿದೆ.

• ಗಾಲಿ ಎತ್ತಿ ತಿರುಗಿಸಿ. ರಿಮ್ ಎಡಕ್ಕೆ ಬಲಕ್ಕೆ ಓಲಾಡಬಾರದು.

• ಸೈಕಲನ್ನು ಒಮ್ಮೆ ಕೈಯಲ್ಲಿ ಎತ್ತಿ ನೋಡಿ. ಗುಡ್ಡ ಹತ್ತಿಸಬೇಕಾದದ್ದು ಅಷ್ಟೂ ಭಾರವನ್ನು.

• ಫ್ರೇಮಿನ ಬೆಸುಗೆಗಳ ಬಳಿ ಬಿರುಕು, ಬಣ್ಣ ಎದ್ದಿರುವುದು ಕಂಡರೆ ಬಿಟ್ಟುಬಿಡಿ.

ಆನ್‌ಲೈನ್‌ನಲ್ಲಿ ತರಿಸಿದರೆ ಪೆಟ್ಟಿಗೆಯಲ್ಲಿ ಅರ್ಧ ಜೋಡಿಸಿದ ಸೈಕಲ್ ಬರುತ್ತದೆ. ಮುಂದಿನ ಫೋರ್ಕನ್ನು ಹಿಂದುಮುಂದಾಗಿ ಕೂರಿಸುವುದು ಮನೆಯಲ್ಲಿ ಜೋಡಿಸುವಾಗ ಆಗುವ ಸಾಮಾನ್ಯ ತಪ್ಪು. ಸೀಟಿನ ಮೇಲೆ ಕೂತಾಗ ಮುಂದಿನ ಡಿಸ್ಕ್ ನಿಮ್ಮ ಎಡಗಡೆ ಇರಬೇಕು. ಎಡ ಪೆಡಲಿನ ಮರೆ ಉಲ್ಟಾ ಇರುತ್ತದೆ, ಅದನ್ನು ಅಪ್ರದಕ್ಷಿಣವಾಗಿ ತಿರುಗಿಸಿ ಬಿಗಿ ಮಾಡಬೇಕು. ಬಲವಂತ ಮಾಡಿದರೆ ಮರೆ ಕೆಡುತ್ತದೆ. ಇವು ಗೊತ್ತಿಲ್ಲದಿದ್ದರೆ ಹತ್ತಿರದ ಸೈಕಲ್ ಮೆಕ್ಯಾನಿಕ್‌ಗೆ ಕೊಡುವ ಕೂಲಿ ದಂಡವಲ್ಲ.

ಎಲ್ಲ ಹಣವನ್ನೂ ಸೈಕಲ್‌ಗೇ ಸುರಿಯಬೇಡಿ. ಹೆಲ್ಮೆಟ್, ಕೈಗವಸು, ಪಂಪು, ಪಂಚರ್ ಕಿಟ್‌ಗೆ ಮೊದಲೇ ತೆಗೆದಿಡಿ. ಹೆಲ್ಮೆಟ್ ಒಳಗೆ ಇಎನ್ 1078 ಅಥವಾ ಸಿಪಿಎಸ್‌ಸಿ ಗುರುತು ಇದೆಯೇ ನೋಡಿ. ಹುಬ್ಬಿನಿಂದ ಎರಡು ಬೆರಳಿನ ಅಂತರದಲ್ಲಿ ಕೂರಬೇಕು, ಗಲ್ಲದ ಪಟ್ಟಿ ಕಟ್ಟಿರಬೇಕು. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಮತ್ತೆ ಬಳಸಬೇಡಿ. ಪೆಟ್ಟನ್ನು ನುಂಗುವ ಒಳಗಿನ ಥರ್ಮಾಕೋಲ್‌ನಂಥ ಪದರ ಒಮ್ಮೆ ಅಮುಕಿಹೋದರೆ ಮತ್ತೆ ಉಬ್ಬುವುದಿಲ್ಲ.

ಕೊನೆಗೆ, ದಾರಿ. ವನ್ಯಜೀವಿ ಧಾಮ, ರಾಷ್ಟ್ರೀಯ ಉದ್ಯಾನಗಳೊಳಗೆ ಅನುಮತಿ ಇಲ್ಲದೆ ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಸೈಕಲ್ ಸದ್ದು ಮಾಡುವುದಿಲ್ಲ, ಆದ್ದರಿಂದ ತಿರುವಿನಲ್ಲಿ ಆನೆ, ಕಾಡುಹಂದಿ ಎದುರಾದರೆ ಅವಕ್ಕೂ ನಿಮಗೂ ಗಾಬರಿ. ಊರಾಚೆಯ ಬಂಡಿದಾರಿ, ಕೆರೆ ಏರಿ, ತೋಟದವರ ಒಪ್ಪಿಗೆ ಇರುವ ರಸ್ತೆಗಳಿಂದ ಶುರುಮಾಡಿ.

ಫಾರ್ವರ್ಡ್ ಮಾಡುವುದಾದರೆ ಇಷ್ಟು ಮಾಡಿ:

ಗೇರ್ ಎಣಿಸಬೇಡಿ, ಹಲ್ಲು ಎಣಿಸಿ. ಎರಡು ಕೆಟ್ಟ ಶಾಕ್‌ಗಿಂತ ಒಂದು ಒಳ್ಳೆಯದು ಮೇಲು, ಅದೂ ಇಲ್ಲದಿದ್ದರೆ ಗಟ್ಟಿ ಫೋರ್ಕ್ ಮೇಲು. ಮೊದಲು ಬ್ರೇಕ್, ಆಮೇಲೆ ಬಣ್ಣ. ಸೈಜ್ ಇವತ್ತಿನ ಎತ್ತರಕ್ಕೆ ಹೊಂದಲಿ. ಕೈಪಿಡಿಯಲ್ಲಿ 3 ಎಂದು ಬರೆಯದ ಸೈಕಲನ್ನು ಗುಡ್ಡದಿಂದ ಇಳಿಸಬೇಡಿ.